ಉಪ್ಪು ತಿಂದ ಗೋಡೆ

ಹ್ಯಾರೋ ಮನೆ,
ಕೊಲ್ಲಿಯ ಪೂರ್ವ ತೀರ, ಮೇರಿಲ್ಯಾಂಡ್
ಅಕ್ಟೋಬರ್ 14, 2017, ಶನಿವಾರ

ಪ್ರೀತಿಯ ತಮ್ಮಾ ಆರ್ವಿಲ್,

ನಿನ್ನ ಮಂಡಿ ಹೇಗಿದೆ? ಮೊದಲು ಅದನ್ನು ಬರೆ, ಮಿಕ್ಕಿದ್ದು ಆಮೇಲೆ. ಬೆಟ್ಟದ ಕಡೆ ಆಗಲೇ ಇಬ್ಬನಿ ಹೆಪ್ಪುಗಟ್ಟುತ್ತಿದೆ ಎಂದು ರೇಡಿಯೋದಲ್ಲಿ ಹೇಳಿದರು. ಮಂಡಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದೀಯೋ ಎಂದು ಕೇಳುವ ಹಾಗೂ ಇಲ್ಲ, ಪಟ್ಟಿ ಇಲ್ಲೇ ಮೆಟ್ಟಿಲ ಕೆಳಗಿನ ಗೂಟದಲ್ಲಿ ನೇತಾಡುತ್ತಿದೆ. ಹೋಗುವಾಗ ಕರಣೆ, ತೂಗುಗುಂಡು, ಸುತ್ತಿಗೆ ಎಲ್ಲವನ್ನೂ ನೆನಪಿಟ್ಟು ತೆಗೆದುಕೊಂಡು ಹೋದವನು ನಿನ್ನ ಮಂಡಿಯನ್ನೊಂದು ಮರೆತೆ. ವೆಂಡೆಲ್‌ನ ಹೆಂಡತಿಗೆ ಫೋನ್ ಮಾಡಿ ವಿಚಾರಿಸಿದೆ. "ಬೆಳಿಗ್ಗೆ ಹೋಗ್ತಾರೆ, ಕಲ್ಲು ಕಟ್ತಾರೆ, ಸಂಜೆ ಬರ್ತಾರೆ, ಉಣ್ತಾರೆ, ಮಲಗ್ತಾರೆ. ಮಾತೇ ಇಲ್ಲಮ್ಮಾ" ಎಂದಳು. ಇದರಲ್ಲಿ ಹೊಸದೇನಿದೆ, ಮೂರು ವರ್ಷದ ಮಗುವಾಗಿದ್ದಾಗಿನಿಂದಲೂ ಅವನು ಹಾಗೆಯೇ ಎಂದು ನಾನೂ ಹೇಳಿದೆ. ಸೈನ್ಯದಲ್ಲಿ ಜೊತೆಗಿದ್ದ ಒಂದೇ ಕಾರಣಕ್ಕೆ ವೆಂಡೆಲ್ ನಿನ್ನನ್ನು ವರ್ಷದಿಂದ ಮನೆಯಲ್ಲಿಟ್ಟುಕೊಂಡಿದ್ದಾನೆ, ಅವನ ಹೊಟ್ಟೆ ತಣ್ಣಗಿರಲಿ. ನಾನು ಬರೆದ ಮೂರು ಕಾಗದಕ್ಕೂ ನಿನ್ನಿಂದ ಉತ್ತರವಿಲ್ಲ. ಕ್ರಿಸ್‌ಮಸ್‌ಗೆ ಬಂದ ಕಾರ್ಡಿನಲ್ಲಿ ನಿನ್ನ ಹೆಸರು ಬಿಟ್ಟರೆ ಒಂದಕ್ಷರವಿರಲಿಲ್ಲ. ಆದರೂ ಅದನ್ನು ಒಲೆಯ ಮೇಲಿನ ಹಲಗೆಯಲ್ಲಿ ಈಗಲೂ ಇಟ್ಟುಕೊಂಡಿದ್ದೇನೆ, ನಾಚಿಕೆಯಿಲ್ಲದವಳು ನಾನು.

ನನ್ನ ಸಮಾಚಾರ ಕೇಳಿದರೆ, ಕೆಮ್ಮು ಬಿಟ್ಟಿಲ್ಲ. ಬೇಸಿಗೆಯಲ್ಲಿ ಸ್ವಲ್ಪ ಇಳಿದಿತ್ತು. ಈಗ ಮತ್ತೆ ಸಂಜೆಯಾದರೆ ಎದೆಯೊಳಗೆ ಯಾರೋ ಗೋಣಿಚೀಲ ಎಳೆದಾಡಿದ ಹಾಗಾಗುತ್ತದೆ. ಚರ್ಚಿಗೆ ಹೋಗುವುದನ್ನು ಬಿಟ್ಟಿಲ್ಲ, ಹಾಡುವುದನ್ನು ಮಾತ್ರ ಬಿಟ್ಟಿದ್ದೇನೆ. ಪಕ್ಕದಲ್ಲಿ ಕೂರುವವರಿಗೆ ಅದರಿಂದ ಸಂತೋಷವೇ ಆಗಿರಬೇಕು. ಅಡುಗೆಮನೆ ಮತ್ತು ಮೇಲಿನ ದಕ್ಷಿಣದ ಕೋಣೆ, ಇವೆರಡರಲ್ಲೇ ನನ್ನ ವಾಸ. ನಿನ್ನ ಕೋಣೆಯ ಬಾಗಿಲು ತೇವಕ್ಕೆ ಉಬ್ಬಿಕೊಂಡು ತೆಗೆಯಲು ಬರುತ್ತಿಲ್ಲ. ಒಳ್ಳೆಯದೇ ಆಯಿತು, ಒಳಗೆ ನೋಡುವಂಥದ್ದೇನೂ ಉಳಿದಿಲ್ಲ.

ನೀರಿನ ವಿಷಯ ಬರೆಯಬಾರದು ಎಂದುಕೊಂಡೇ ಕೂತೆ. ಆದರೆ ಈ ಊರಿನಲ್ಲಿ ನೀರು ಬಿಟ್ಟು ಬರೆಯಲು ಏನಿದೆ ಹೇಳು. ಮೊದಲೆಲ್ಲ ಬಿರುಗಾಳಿ ಬಂದರೆ ನೀರು ಬರುತ್ತಿತ್ತು. ಈಗ ಗಾಳಿಯೂ ಬೇಡ, ಮಳೆಯೂ ಬೇಡ. ಹುಣ್ಣಿಮೆಯ ಆಸುಪಾಸಿನಲ್ಲಿ ಸುಡುಸುಡು ಬಿಸಿಲಿರುವಾಗಲೇ ಉಬ್ಬರದ ನೀರು ಜೌಗಿನಿಂದೆದ್ದು ರಸ್ತೆ ದಾಟಿ, ನಮ್ಮ ಅಂಗಳಕ್ಕೆ ಬಂದು, ನೆಂಟರ ಹಾಗೆ ಎರಡು ಗಂಟೆ ಕೂತು ಎದ್ದು ಹೋಗುತ್ತದೆ. ಹಿಂದಿನ ಪೈನ್ ತೋಪು ಪೂರಾ ಸತ್ತಿದೆ. ಮರಗಳೆಲ್ಲ ಬೆಳ್ಳಗೆ ನಿಂತಿವೆ, ಒಂದರಲ್ಲೂ ಹಸಿರಿಲ್ಲ. ಟಪಾಲಿನವಳು ಈಗ ಮನೆಯವರೆಗೆ ಬರುವುದಿಲ್ಲ, ಸೇತುವೆಯ ಹತ್ತಿರವೇ ಪೆಟ್ಟಿಗೆ ಇಡಿಸಿದ್ದಾಳೆ. ಹೊಬಾರ್ಟ್ ಮಾತ್ರ ದಿನಾ ಬೆಳಿಗ್ಗೆ ಏಡಿ ಹಿಡಿಯಲು ಹೋಗುವಾಗ ದೋಣಿ ನಿಲ್ಲಿಸಿ ಕೂಗುತ್ತಾನೆ, "ಏನಮ್ಮಾ ಎಲ್ವಾ, ಇನ್ನೂ ಮುಳುಗ್ಲಿಲ್ವಾ?" ನಾನೂ ಕಿಟಕಿಯಿಂದಲೇ, "ನಿನ್ನಿಂದ ಸಾಲ ವಸೂಲಿ ಮಾಡೋವರ್ಗೂ ಮುಳುಗಲ್ಲ ಕಣೋ" ಎನ್ನುತ್ತೇನೆ. ಅವನು ನನಗೆ ಕೊಡಬೇಕಾದ್ದು ಒಂದು ಏಣಿ. ಹೆಂಡತಿ ಸತ್ತ ಮೇಲೆ ಅವನಿಗೂ ಬೈಯುವವರು ಬೇಕು, ಪಾಪ.

ಹೋದ ತಿಂಗಳು ಮನೆಯನ್ನು ಜನರಿಗೆ ತೆರೆದಿಡುವ ದಿನ ಬಂತು. ನೀನಿಲ್ಲದೆ ಮೊದಲನೆಯದು. ಯಾಕಾದರೂ ತೆರೆಯಬೇಕು ಅನ್ನಿಸಿತು. ಆದರೆ ಕರಾರು ಕರಾರೇ. ಸರ್ಕಾರದ ಮನೆ, ನಮ್ಮ ದುಡಿಮೆ, ನಾವಿಬ್ಬರೂ ಬದುಕಿರುವವರೆಗೆ ಬಾಡಿಗೆಯಿಲ್ಲ, ವರ್ಷದಲ್ಲಿ ಒಂದು ದಿನ ಯಾರು ಬಂದರೂ ಬಾಗಿಲು ತೆಗೆದು ತೋರಿಸಬೇಕು. ಹಾಗೆಂದು ಸಹಿ ಹಾಕಿದವರು ನಾವೇ ತಾನೇ. ಬೆಳಿಗ್ಗೆಯೇ ಎದ್ದು ನೆಲ ಒರೆಸಿದೆ, ಗೆಣಸಿನ ಬಿಸ್ಕತ್ತು ಸುಟ್ಟೆ. ಹಿಂದೆಲ್ಲ ನೂರಾರು ಜನ ಬಂದು ನನ್ನ ಹಾಸಿಗೆಯ ಮೇಲೆ ಕೂತು ನೋಡಿ ಹೋಗುತ್ತಿದ್ದರಲ್ಲ, ಒಬ್ಬಳಂತೂ ನನ್ನ ಬಟ್ಟೆಯ ಪೆಟ್ಟಿಗೆ ತೆಗೆದು "ಇದೂ ಆ ಕಾಲದ್ದೇನಾ?" ಎಂದು ಕೇಳಿದ್ದಳಲ್ಲ, ನೀನು ನಗು ತಡೆಯಲಾರದೆ ಹಿತ್ತಲಿಗೆ ಓಡಿದ್ದೆ. ಈ ಸಲ ಬಂದವರು ಗಂಡ ಹೆಂಡತಿ ಇಬ್ಬರೇ, ಅದೂ ದಾರಿ ತಪ್ಪಿ ಬಂದವರು. ಗಂಡ ಪೂರ್ತಿ ಮನೆ ಸುತ್ತಿ, ಉತ್ತರದ ಕಡೆ ಹೊದಿಸಿದ ತಾಡಪಾಲು ನೋಡಿ, "ಈ ಮನೆ ಯಾರದು?" ಎಂದ. ಸರ್ಕಾರದ್ದು ಎಂದೆ. "ನೀವು ಹೋದ್ಮೇಲೆ?" ಸರ್ಕಾರದ್ದೇ ಎಂದೆ. "ಮತ್ತೆ ಇಷ್ಟು ವರ್ಷ ನೀವ್ಯಾಕೆ ಕಷ್ಟಪಟ್ಟಿದ್ದು?" ಎಂದು ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತ. ಬಿಸ್ಕತ್ತು ತಿನ್ನಿ ಎಂದೆ. ಬೇರೆ ಏನು ಹೇಳಲಿ?

ಅವನು ಹೋದ ಮೇಲೆ ತುಂಬ ಹೊತ್ತು ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಅಮ್ಮ ಈ ಮನೆಗೆ ಕೆಲಸಕ್ಕೆ ಬರುತ್ತಿದ್ದ ಕಾಲ ನಿನಗೆ ಅಷ್ಟು ನೆನಪಿರಲಿಕ್ಕಿಲ್ಲ. ಆಗ ಇದು ಬಾಲ್ಟಿಮೋರಿನ ಸಾಹುಕಾರರು ಬಾತು ಬೇಟೆಗೆಂದು ಬಂದಿಳಿಯುತ್ತಿದ್ದ ಮನೆ. ಅಮ್ಮ ಹಿಂಬಾಗಿಲಿನ ಕಲ್ಲಿನ ಮೇಲೆ ಕೂತು ಅವರು ಹೊಡೆದು ತಂದ ಬಾತುಗಳ ಪುಕ್ಕ ಕೀಳುತ್ತಿದ್ದಳು. ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ನಾನು ಕಾಯುತ್ತಿದ್ದೆ. ಒಳಗೆ ಹೋಗಕೂಡದು ಎಂದು ಯಾರೂ ಹೇಳಿರಲಿಲ್ಲ, ಹೇಳದೆಯೇ ನಮಗೆ ಗೊತ್ತಿತ್ತು. ಅಪ್ಪ ಸಾಯುವವರೆಗೂ ಬಾಡಿಗೆ ಮನೆಯಲ್ಲೇ ಇದ್ದ, ಬಾಡಿಗೆ ದೋಣಿಯಲ್ಲೇ ಏಡಿ ಹಿಡಿದ. ಆಮೇಲೆ ಸಾಹುಕಾರರು ಹೋದರು, ಮನೆ ಸರ್ಕಾರಕ್ಕೆ ಬಂತು, ಸೂರು ಸೋರಿ ಗೂಬೆ ಸೇರಿಕೊಂಡವು. ರಿಪೇರಿ ಮಾಡುವವರಿಗೆ ವಾಸಕ್ಕೆ ಕೊಡುತ್ತಾರಂತೆ ಎಂದು ನೀನು ಎಲ್ಲಿಂದಲೋ ಕೇಳಿಕೊಂಡು ಬಂದೆ. ನಾನು ಗಂಡನನ್ನು ಕಳೆದುಕೊಂಡಿದ್ದೆ, ನೀನು ಹೆಂಡತಿಯನ್ನು ತವರಿಗೆ ಕಳಿಸಿಕೊಟ್ಟಿದ್ದೆ. ಊರವರು ನಕ್ಕರು. ಶಾಲೆಯ ಬಸ್ಸು ಓಡಿಸುವ ವಿಧವೆ, ಗೋಡೆ ಕಟ್ಟುವ ಅವಳ ತಮ್ಮ, ಇಬ್ಬರೂ ಸೇರಿ ಪರರ ಮನೆಗೆ ಜೀವ ತೇಯಲು ಹೊರಟಿದ್ದಾರೆ ಎಂದರು. "ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗೆ ಕಣ್ರೋ" ಎಂದು ಹೊಬಾರ್ಟ್ ಅವತ್ತೇ ಹೇಳಿದ್ದ. ಮೊದಲ ದಿನ ಬೀಗದ ಕೈ ಕೊಟ್ಟಾಗ ನಾವಿಬ್ಬರೂ ಮಾತಾಡಿಕೊಳ್ಳದೆಯೇ ಸುತ್ತಿ ಹೋಗಿ ಮುಂಬಾಗಿಲಿನಿಂದ ಒಳಗೆ ಹೋದೆವಲ್ಲ, ಆ ಮನುಷ್ಯನಿಗೆ ಇದನ್ನೇ ಹೇಳಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಆಗ ಹೊಳೆಯಲಿಲ್ಲ.

ಈಗ ಆ ಗೋಡೆಯ ಮಾತು. ನೀನು ಕಾಗದವನ್ನು ಇಲ್ಲಿಗೇ ಮಡಚಿಡುತ್ತೀಯೆಂದು ನನಗೆ ಗೊತ್ತು. ಮಡಚಬೇಡ, ಓದು. ಹೋದ ವರ್ಷದ ಬಿರುಗಾಳಿಗೆ ನೆಲಮಾಳಿಗೆ ತುಂಬಿದಾಗ ನೀನು ಏನು ಮಾಡಿದೆಯೋ ಅದನ್ನು ಯಾರು ಬೇಕಾದರೂ ಮಾಡುತ್ತಿದ್ದರು. ನಿನ್ನ ನೋವೇನೆಂದರೆ ನೀನು ಹಾಗೆ ಯಾರೋ ಒಬ್ಬನಲ್ಲ. ಊರಿಗೆಲ್ಲ ಪಾಠ ಹೇಳಿದವನು ನೀನು. "ನೆಲಮಾಳಿಗೆಗೆ ನುಗ್ಗಿದ ನೀರನ್ನ ಓಡಿಸ್ಬಾರ್ದು, ಅದಾಗೇ ಹೋಗ್ಬೇಕು. ಹೊರಗಿನ ಮಣ್ಣು ನೆಂದು ಗೋಡೇನ ಒಳಕ್ಕೆ ತಳ್ತಿರುತ್ತೆ, ಒಳಗಿನ ನೀರು ಹೊರಕ್ಕೆ ತಳ್ತಿರುತ್ತೆ. ಒಳಗಿನದನ್ನ ಒಂದೇ ಸಲ ತೆಗೆದ್ರೆ ಗೋಡೆಗೆ ಆಸರೆ ಯಾರು?" ಎಂದು ಚರ್ಚಿನ ನೆಲಮಾಳಿಗೆ ತುಂಬಿದಾಗ ನೀನೇ ಪಾದ್ರಿಗೆ ಅಡ್ಡ ನಿಂತಿದ್ದೆ. ನಮ್ಮ ಮನೆಗೆ ಬಂದಾಗ ಅದೇ ನೀನು ಅಗ್ನಿಶಾಮಕದವರ ದೊಡ್ಡ ಪಂಪು ತರಿಸಿ ಒಂದೇ ಮಧ್ಯಾಹ್ನದಲ್ಲಿ ಬರಿದು ಮಾಡಿದೆ. ಯಾಕೆಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನೀನು ಕೈಯಾರೆ ಕೆತ್ತಿ ಕೂರಿಸಿದ ಓಕ್ ಮರದ ತೊಲೆಗಳು ಆ ನೀರಿನಲ್ಲಿದ್ದವು. ಪರರ ಮನೆಯಾದರೆ ಬುದ್ಧಿ ಮಾತಾಡುತ್ತದೆ, ನಮ್ಮದಾದರೆ ಕರುಳು ಮಾತಾಡುತ್ತದೆ. ಸಂಜೆಗೆ ಉತ್ತರದ ಗೋಡೆ ಹೊಟ್ಟೆ ಬಿಟ್ಟುಕೊಂಡು ಒಳಕ್ಕೆ ಕುಸಿದಾಗ ನೀನು ಅಂಗಳದಲ್ಲಿ ಪಂಪಿನ ಪಕ್ಕ ನಿಂತಿದ್ದೆ. ಅದು ಇನ್ನೂ ಓಡುತ್ತಿತ್ತು, ನೀನು ಅದನ್ನು ನಿಲ್ಲಿಸಲಿಲ್ಲ. ನಾನೇ ಬಂದು ನಿಲ್ಲಿಸಿದೆ. ಒಂದು ವಾರ ನೀನು ನನ್ನ ಮುಖ ನೋಡಲಿಲ್ಲ. ಆಮೇಲೊಂದು ಬೆಳಿಗ್ಗೆ, "ನೀರು ಕಾಣದ ಊರಿಗೆ ಹೋಗ್ತೀನಿ ಅಕ್ಕಾ" ಎಂದು ಗಾಡಿ ಹತ್ತಿದೆ.

ಕೇಳು ಆರ್ವಿಲ್. ಆಗಸ್ಟಿನಲ್ಲಿ ಹಳೇ ಮನೆಗಳ ಇಲಾಖೆಯ ಮಿಸ್ ಕೆಲ್ಲರ್ ಒಬ್ಬ ಎಂಜಿನಿಯರನ್ನು ಕರೆದುಕೊಂಡು ಬಂದಿದ್ದಳು. ಮಿಸ್ ಕೆಲ್ಲರ್ ಗೊತ್ತಲ್ಲ, ಕಿಟಕಿಗೆ ಪ್ಲಾಸ್ಟಿಕ್ ಚೌಕಟ್ಟು ಹಾಕಿಸಲು ನಾನು ಆಸೆಪಟ್ಟಾಗ ಜಪ್ಪಯ್ಯ ಅಂದರೂ ಒಪ್ಪದ ಹುಡುಗಿ. ಎಂಜಿನಿಯರ್ ಗೋಡೆಯಿಂದ ಒಂದು ಇಟ್ಟಿಗೆ ಕಿತ್ತು ನನ್ನ ಕೈಯಲ್ಲೇ ಇಟ್ಟು ಹಿಸುಕಿ ಎಂದ. ಹಿಸುಕಿದೆ. ಬೆಲ್ಲದ ಪುಡಿಯ ಹಾಗೆ ಉದುರಿ ಹೋಯಿತು. ಒಳಗೆಲ್ಲ ಬೆಳ್ಳಗೆ ಉಪ್ಪು. ಎಷ್ಟೋ ವರ್ಷದಿಂದ ನೆಲದೊಳಗಿನ ಉಪ್ಪುನೀರನ್ನು ಹೀರಿ ಹೀರಿ ಗೋಡೆ ಒಳಗಿನಿಂದಲೇ ಸತ್ತಿತ್ತಂತೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರಲ್ಲ, ಗೋಡೆಯೂ ಹಾಗೆಯೇ ಅಂತೆ. ಒಮ್ಮೆ ಉಪ್ಪು ತಿಂದರೆ ಗಾಳಿಯಲ್ಲಿರುವ ತೇವವನ್ನೂ ಬಿಡದೆ ಎಳೆದುಕೊಂಡು ಕುಡಿಯುತ್ತದಂತೆ. "ಪಂಪು ಇಟ್ಟಿದ್ರೂ ಅಷ್ಟೇ, ಇಡದಿದ್ರೂ ಅಷ್ಟೇ ಕಣಮ್ಮಾ. ಒಂದೆರಡು ವರ್ಷ ಹೆಚ್ಚು ಕಮ್ಮಿ" ಎಂದ ಆತ. ಅವನೆದುರಿಗೇ ನಾನು ಅತ್ತುಬಿಟ್ಟೆ. ನಿನ್ನ ತಪ್ಪಲ್ಲ ಎಂದು ಗೊತ್ತಾದ ಸಂತೋಷಕ್ಕೆ ಎಂದು ಅವರಿಬ್ಬರೂ ತಿಳಿದುಕೊಂಡರು. ನಿಜ ಹೇಳಲೇ? ನಿನ್ನ ತಪ್ಪಾಗಿದ್ದರೆ ಚೆನ್ನಾಗಿತ್ತು. ನಿನ್ನ ತಪ್ಪಾಗಿದ್ದರೆ ನೀನು ಬಂದು ಸರಿಮಾಡಬಹುದಿತ್ತು. ಮಿಕ್ಕ ಮೂರು ಗೋಡೆಗಳನ್ನೂ ಆತ ಬಡಿದು ನೋಡಿದ, ಪುಸ್ತಕದಲ್ಲಿ ಏನೋ ಬರೆದುಕೊಂಡ. ಏನೆಂದು ನಾನು ಕೇಳಲಿಲ್ಲ.

ಹಾಗೆಂದು ಸುಮ್ಮನೆ ಕೂತಿದ್ದೆ ಎಂದುಕೊಳ್ಳಬೇಡ. ಆಗಸ್ಟ್ ಕೊನೆಯಲ್ಲಿ ನೀರಿನ ಕಾಟ ಸ್ವಲ್ಪ ಕಡಿಮೆಯಾದಾಗ ಹೊಬಾರ್ಟ್‌ನನ್ನು ಹಿಡಿದು ಬೈದು ಎಬ್ಬಿಸಿಕೊಂಡು ಬಂದೆ. ಬಿದ್ದ ಇಟ್ಟಿಗೆಗಳಲ್ಲಿ ಗಟ್ಟಿಯಿದ್ದವನ್ನು ಆರಿಸಿ ಇಬ್ಬರೂ ಗೋಡೆ ಕಟ್ಟಲು ಕೂತೆವು. ಅವನು ಎರಡು ಚೀಲ ಸಿಮೆಂಟು ತಂದಿದ್ದ. "ಇದಾದ್ರೆ ನಾಳೆ ಬೆಳಿಗ್ಗೆ ಕಲ್ಲಿನ ಹಾಗೆ ನಿಲ್ಲುತ್ತೆ" ಎಂದ. ಹೊಸ್ತಿಲು ದಾಟಿಸಿದರೆ ಕೈ ಮುರಿಯುತ್ತೇನೆ ಎಂದೆ. ಹಳೆಯ ಮೆತ್ತಗಿನ ಇಟ್ಟಿಗೆಗೆ ಸಿಮೆಂಟು ಹಾಕಿದರೆ ಸಿಮೆಂಟು ಉಳಿಯುತ್ತದೆ, ಇಟ್ಟಿಗೆ ಸಾಯುತ್ತದೆ ಎಂದು ಇಷ್ಟು ವರ್ಷ ನಿನ್ನ ಬಾಯಲ್ಲಿ ಕೇಳಿಲ್ಲವೇ. ನೀನು ಗುಂಡಿಯಲ್ಲಿ ನೆನೆಹಾಕಿಟ್ಟಿದ್ದ ಸುಣ್ಣ ಇನ್ನೂ ಬೆಣ್ಣೆಯ ಹಾಗಿತ್ತು. ಅದರಲ್ಲೇ ಗಾರೆ ಮಾಡಿದೆ. ಮೂರು ವರಸೆ ಇಟ್ಟಿಗೆ ಏರಿಸಿದೆವು, ತಮ್ಮಾ. ನೀನು ನೋಡಿದ್ದರೆ ನಗುತ್ತಿದ್ದೆ, ಕುಡುಕ ನಡೆದ ದಾರಿಯ ಹಾಗೆ ಸೊಟ್ಟಗಿತ್ತು. ಆದರೂ ಗೋಡೆ. ರಾತ್ರಿ ನಿದ್ದೆ ಬಂತು ನನಗೆ, ಎಷ್ಟೋ ತಿಂಗಳ ಮೇಲೆ. ಗಾರೆಗೆ ಗಾಳಿ ಬೇಕು, ವಾರಗಟ್ಟಲೆ ಒಣ ದಿನಗಳು ಬೇಕು, ಆಗಲೇ ಅದು ಬಿಗಿಯುವುದು. ಒಂದು ವಾರ ಸಿಕ್ಕಿತು. ಎರಡನೆಯ ವಾರ ಹುಣ್ಣಿಮೆಯ ಉಬ್ಬರ ಬಂದು ಗಾರೆಯನ್ನು ಹಾಲಿನ ಹಾಗೆ ಕದಡಿಕೊಂಡು ಹೋಯಿತು. ಅಂಗಳವೆಲ್ಲ ಬಿಳಿ ನೀರು. ಹೊಬಾರ್ಟ್ ದೋಣಿಯಿಂದ ನೋಡಿದ, ಆವತ್ತು ಮಾತ್ರ ತಮಾಷೆ ಮಾಡಲಿಲ್ಲ. ಅದರಿಂದ ನನಗೆ ಹೆಚ್ಚು ಹೆದರಿಕೆಯಾಯಿತು.

ಈ ವಾರ ಮಿಸ್ ಕೆಲ್ಲರ್ ಮತ್ತೆ ಬಂದಿದ್ದಳು, ಈ ಸಲ ಒಬ್ಬಳೇ, ಕೈಯಲ್ಲಿ ಸೇಬಿನ ಕಡುಬು ಹಿಡಿದುಕೊಂಡು. ಸರ್ಕಾರದವರು ತಿಂಡಿ ತಂದರೆಂದರೆ ಕೆಟ್ಟ ಸುದ್ದಿಯೆಂದು ತಿಳಿಯಬೇಕು. ನೀನು ಎಲ್ಲಿ ಎಂದು ಕೇಳಿದಳು. ಕೆಲಸದ ಮೇಲೆ ಹೋಗಿದ್ದಾನೆ, ಶನಿವಾರ ಶನಿವಾರ ಬಂದು ಹೋಗುತ್ತಾನೆ ಎಂದೆ. ಅವಳು ಬರುತ್ತಾಳೆಂದು ಗೊತ್ತಿದ್ದರಿಂದ ನಿನ್ನ ಹಳೆಯ ಬೂಟುಗಳನ್ನು ಜಗಲಿಯಲ್ಲಿ ಕಾಣುವ ಹಾಗೆ ಇಟ್ಟಿದ್ದೆ, ಎಂಥ ಜಾಣೆ ನೋಡು. ಅವಳು ಬಗ್ಗಿ ನೋಡಿ, "ಬೂಟಿನೊಳಗೆ ಜೇಡ ಮನೆ ಮಾಡ್ಕೊಂಡಿದೆಯಲ್ಲಮ್ಮಾ" ಎಂದಳು. ನನಗೂ ನಗು ಬಂತು, ಅವಳಿಗೂ ಬಂತು. ಆಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಕೂತೆವು. ವಿಷಯ ಇಷ್ಟು. ನಾವು ಹೋದ ಮೇಲೆ ಈ ಮನೆಯನ್ನು ಬೇರೆಯವರಿಗೆ ಕೊಡುವುದಿಲ್ಲವಂತೆ. ರಸ್ತೆಯನ್ನು ಇನ್ನು ಎತ್ತರಿಸುವುದಿಲ್ಲವಂತೆ. ಮನೆ ಖಾಲಿಯಾದ ದಿನ ಬಂದು ಎಲ್ಲ ಕೋಣೆಯ ಫೋಟೋ ತೆಗೆದು, ಅಳತೆ ಬರೆದುಕೊಂಡು, ಬಾಗಿಲು ತೊಲೆ ಮೆಟ್ಟಿಲುಗಳನ್ನು ಬಿಚ್ಚಿಕೊಂಡು, ಉಳಿದದ್ದನ್ನು ಕೆಡವುತ್ತಾರಂತೆ. ಆದರೆ ಕರಾರಿನಲ್ಲಿ ಹೆಸರಿರುವ ಇಬ್ಬರಲ್ಲಿ ಒಬ್ಬರಾದರೂ ಒಳಗೆ ವಾಸವಿರುವವರೆಗೆ ಒಂದು ಹೆಂಚನ್ನೂ ಮುಟ್ಟುವಂತಿಲ್ಲ. "ನಾನಂತೂ ನಿಮ್ಮನ್ನ ಹೋಗಿ ಅನ್ನಲ್ಲ. ಅನ್ನೋ ಹಕ್ಕೂ ನಂಗಿಲ್ಲ" ಎಂದಳು. ನಿನ್ನ ಹೆಸರು ಉಳಿಯಬೇಕಾದರೆ ಕ್ರಿಸ್‌ಮಸ್‌ನೊಳಗೆ ನೀನು ಬಂದು ಇಲ್ಲಿರಬೇಕು, ಬೂಟು ಬಂದರೆ ಸಾಲದು. ಮನೆ ಬಿಟ್ಟುಕೊಡುವುದಾದರೆ ಇರಲಿ ಎಂದು ಒಂದು ಪತ್ರವನ್ನೂ ಇಟ್ಟು ಹೋದಳು, ಅದಕ್ಕೆ ಇಬ್ಬರದೂ ಸಹಿ ಬೇಕಂತೆ. ಅದನ್ನು ಹಿಟ್ಟಿನ ಡಬ್ಬದ ಹಿಂದೆ ತಳ್ಳಿದ್ದೇನೆ. ಕಡುಬು ಚೆನ್ನಾಗಿತ್ತು.

ಎಂಥ ವಿಚಿತ್ರ ನೋಡು. ಒಂದು ಊರಿಗೆ ಊರೇ ಒಬ್ಬ ಮುದುಕಿ ಯಾವಾಗ ಎದ್ದು ಹೋಗುತ್ತಾಳೆ ಎಂದು ಮರ್ಯಾದೆಯಿಂದ ಕಾಯುತ್ತಿದೆ. ನನ್ನ ಶ್ವಾಸವೇ ಈಗ ಈ ಮನೆಯ ತೊಲೆ. ಅದು ಎಂಥ ಶ್ವಾಸ ಎಂಬುದನ್ನೂ ಹೇಳಿಬಿಡುತ್ತೇನೆ. ಪಟ್ಟಣದ ಡಾಕ್ಟರು ಎದೆಯ ಚಿತ್ರ ತೆಗೆಸಿ ನೋಡಿದರು. ಗೋಡೆಯ ಬೂಷ್ಟು ಶ್ವಾಸಕೋಶಕ್ಕೆ ಇಳಿದಿದೆಯಂತೆ. "ಎಲ್ವಾ, ಆ ಮನೇಲಿ ಇನ್ನೊಂದು ಚಳಿಗಾಲ ಕಳೆದ್ರೆ ಅದರ ಮುಂದಿನ ಚಳಿಗಾಲ ನಿಮಗೆ ಬೇಕಾಗಲ್ಲ" ಎಂದರು. ಬಹಳ ಚೆನ್ನಾಗಿ ಮಾತಾಡುತ್ತಾರೆ ಆ ಡಾಕ್ಟರು. ಚರ್ಚಿನವರು ಪಟ್ಟಣದಲ್ಲಿ ಮುದುಕಿಯರಿಗೆಂದು ಕಟ್ಟಿಸಿದ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆಯಂತೆ, ಒಣಗಿದ ಬೆಚ್ಚಗಿನ ಕೋಣೆ. ಅಲ್ಲಿ ಬಣ್ಣ ಹೊಡೆಯಲೂ ಯಾರನ್ನೂ ಕೇಳಬೇಕಾಗಿಲ್ಲ. ನಾನು ಇಲ್ಲಿದ್ದರೆ ಮನೆ ನಿಲ್ಲುತ್ತದೆ, ನಾನು ನಿಲ್ಲುವುದಿಲ್ಲ. ನಾನು ಹೋದರೆ ನಾನು ಉಳಿಯುತ್ತೇನೆ, ಮನೆ ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಅದಕ್ಕೇ ಈ ಕಾಗದ. ನಿನ್ನನ್ನು ಯಾವತ್ತೂ ಏನೂ ಬೇಡಿದವಳಲ್ಲ ನಾನು, ಆಜ್ಞೆ ಮಾಡಿ ಅಭ್ಯಾಸ. ಈಗ ಬೇಡುತ್ತಿದ್ದೇನೆ. ನೀನು ಬಾ ಆರ್ವಿಲ್. ನೀನು ಬಂದು ಇಲ್ಲಿದ್ದರೆ ನಾನು ಚಳಿಗಾಲಕ್ಕೆ ಪಟ್ಟಣಕ್ಕೆ ಹೋಗುತ್ತೇನೆ, ಭಾನುವಾರ ಭಾನುವಾರ ಊಟ ಕಟ್ಟಿಕೊಂಡು ಬರುತ್ತೇನೆ. ಉತ್ತರದ ಕಡೆ ಗೋಡೆ ಕಟ್ಟಲಾಗದಿದ್ದರೆ ಹಲಗೆ ಹೊಡೆದು ಮುಚ್ಚೋಣ. ಮಿಸ್ ಕೆಲ್ಲರ್ ಒಪ್ಪದಿದ್ದರೆ ಅವಳಿಗೆ ಬಿಸ್ಕತ್ತು ಕೊಡೋಣ. ದಕ್ಷಿಣದ ಎರಡು ಕೋಣೆ ಇನ್ನೂ ಗಟ್ಟಿಯಿವೆ. ನೀನು ಗಿಲಾವು ಮಾಡಿದ ಮುಂಭಾಗದ ಹಜಾರದಲ್ಲಿ ಬೆಳಿಗ್ಗೆ ಬಿಸಿಲು ಬೀಳುವಾಗ ಈಗಲೂ ಒಂದು ಬಿರುಕಿಲ್ಲ, ನಿಂತು ನೋಡುತ್ತೇನೆ. ನೀನು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ, ಅಷ್ಟು ದಡ್ಡಿಯಲ್ಲ. ಸರಿಹೋಗುವುದಿಲ್ಲ. ನಾವು ಇರುವಷ್ಟು ದಿನ ಮನೆಯೂ ಇರಲಿ ಎಂದು ಮಾತ್ರ ಕೇಳುತ್ತಿದ್ದೇನೆ. ನಮ್ಮಿಬ್ಬರಿಗಿಂತ ಮೊದಲು ಅದು ಹೋಗುವುದನ್ನು ನಾನು ನೋಡಲಾರೆ.

ವೆಂಡೆಲ್‌ಗೆ, ಅವನ ಹೆಂಡತಿಗೆ ನನ್ನ ನಮಸ್ಕಾರ ತಿಳಿಸು. ಹೊಬಾರ್ಟ್ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ, ಜೊತೆಗೆ ಬರೆಯಲಾಗದ ಒಂದು ಮಾತನ್ನೂ ಹೇಳಿದ್ದಾನೆ. ಮಂಡಿ ಜೋಪಾನ. ಹಸಿ ಕಲ್ಲಿನ ಮೇಲೆ ಕೂರಬೇಡ. ದೇವರು ನಿನ್ನನ್ನು ಒಣ ನೆಲದ ಮೇಲೆ, ತುಂಬಿದ ತಟ್ಟೆಯ ಮುಂದೆ, ಮಾತಾಡಿಸುವವರ ನಡುವೆ ಇಟ್ಟಿರಲಿ.

ಇಂತಿ ನಿನ್ನ ಹಿತ ಬಯಸುವ, ಬೈಯಲು ನೀನಿಲ್ಲದೆ ಸೊರಗಿರುವ
ಅಕ್ಕ
ಎಲ್ವಾ

ಮರೆತ ಮಾತು, ಮಂಗಳವಾರ. ಈ ಕಾಗದ ಟಪಾಲಿಗೆ ಹಾಕಲು ಆಗಲೇ ಇಲ್ಲ, ಎರಡು ದಿನದಿಂದ ರಸ್ತೆಯ ಮೇಲೆ ನೀರು. ಇಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಉತ್ತರದ ಮೂಲೆ ಪೂರಾ ಕೂತುಬಿಟ್ಟಿತು, ನಿನ್ನ ಕೋಣೆಯನ್ನೂ ಹೊಗೆಗೂಡನ್ನೂ ಎಳೆದುಕೊಂಡು. ದೊಡ್ಡ ಸದ್ದೇನೂ ಆಗಲಿಲ್ಲ, ಯಾರೋ ನಿಟ್ಟುಸಿರು ಬಿಟ್ಟ ಹಾಗಾಯಿತು. ನನಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ಹಜಾರದ ಗಿಲಾವಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಕೈ ತೂರುವಷ್ಟು ಬಿರುಕು ಬಿಟ್ಟಿದೆ. ಹೊಬಾರ್ಟ್ ಹೊರಗೆ ದೋಣಿ ಹಿಡಿದುಕೊಂಡು ಕೂಗುತ್ತಿದ್ದಾನೆ, ನನ್ನ ಪೆಟ್ಟಿಗೆಯನ್ನು ಪಟ್ಟಣದ ಆ ಕೋಣೆಗೆಂದು ಆಗಲೇ ಅದರಲ್ಲಿಟ್ಟಿದ್ದಾನೆ. ಮೇಲೆ ಬರೆದದ್ದನ್ನೆಲ್ಲ ಹೊಡೆದು ಹಾಕಿದೆ ಎಂದುಕೋ, ಹೊಡೆಯಲು ಸಮಯವಿಲ್ಲ. ಡಬ್ಬದ ಹಿಂದಿದ್ದ ಪತ್ರವನ್ನು ಇದರೊಳಗೆ ಇಟ್ಟಿದ್ದೇನೆ. ನಾನು ಸಹಿ ಹಾಕಿದ್ದೇನೆ, ನನ್ನ ಹೆಸರಿನ ಕೆಳಗೆ ನೀನೂ ಹಾಕಿ ಮಿಸ್ ಕೆಲ್ಲರ್‌ಗೆ ಕಳಿಸು. ಇಲ್ಲಿಗೆ ಮಾತ್ರ ಬರಬೇಡ. ನೀನು ಬಂದರೆ ಗಾರೆ ಕಲಸಲು ಕೂರುತ್ತೀಯ, ನಾನು ನೀರು ಹೊತ್ತು ಕೊಡುತ್ತೇನೆ. ನಮ್ಮಿಬ್ಬರನ್ನೂ ನಾನು ಬಲ್ಲೆ.